ಕೆಳಸಾಲಿನ ಎಲೆಗಳು

ಮೇಜಿನ ಮೇಲೆ ನಾಲ್ಕು ಇಸ್ಪೀಟೆಲೆಗಳನ್ನು ಸಾಲಾಗಿ ಇಟ್ಟಿದ್ದೇನೆ. ಹಿಂದೆ ಕುಳಿತವರಿಗೆ ಕಾಣಲಿಕ್ಕಿಲ್ಲ, ಓದಿ ಹೇಳುತ್ತೇನೆ: ಆಟೀನ್ 7, ಕಳಾವರ್ 4, ಡೈಮಂಡ್ 9, ಇಸ್ಪೀಟ್ 2. ಇವು ಒಂದು ಗುಟ್ಟಿನ ನಿಯಮಕ್ಕೆ ಒಪ್ಪಿ, ಒಂದರ ಪಕ್ಕ ಒಂದು ಕುಳಿತಿರುವ ಎಲೆಗಳು. ನಿಯಮವನ್ನು ಚೀಟಿಯಲ್ಲಿ ಬರೆದು, ಮಡಚಿ, ಈ ಲೋಟದ ಕೆಳಗೆ ಇಟ್ಟಿದ್ದೇನೆ. ಐದನೆಯದಾಗಿ ಯಾವ ಎಲೆಯನ್ನು ಇಡಬಹುದು?

ಮುಂದಿನ ಸಾಲಿನಲ್ಲಿ ಆಗಲೇ ಮೂವರು ನಾಲ್ವರು "ಕೆಂಪು" ಎಂದರು. ಕೆಂಪು, ಕಪ್ಪು, ಕೆಂಪು, ಕಪ್ಪು. ಆದ್ದರಿಂದ ಮುಂದೆ ಕೆಂಪು. ಕಣ್ಣಿಗೆ ಮೊದಲು ಬೀಳುವುದು ಬಣ್ಣವೇ. ಆ ಉತ್ತರವನ್ನು ನಾನೀಗ ಸರಿ ಎನ್ನುವುದೂ ಇಲ್ಲ, ತಪ್ಪು ಎನ್ನುವುದೂ ಇಲ್ಲ. ಚೀಟಿ ಲೋಟದ ಕೆಳಗೇ ಇರಲಿ. ಸ್ವಲ್ಪ ಹೊತ್ತಿನಲ್ಲಿ ಅದರ ಹತ್ತಿರಕ್ಕೆ ಬರೋಣ.

ಈ ಆಟದ ಹೆಸರು ಎಲೂಸಿಸ್. ಅಮೆರಿಕದ ರಾಬರ್ಟ್ ಅಬಟ್ ಇದನ್ನು 1956ರಲ್ಲಿ ರೂಪಿಸಿದರು. 1959ರ ಜೂನ್ ತಿಂಗಳ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಇದನ್ನು ಪರಿಚಯಿಸಿದ ಮೇಲೆ ಹೊರಜಗತ್ತಿಗೆ ತಿಳಿಯಿತು. ಅಬಟ್ ಅಷ್ಟಕ್ಕೇ ಬಿಡಲಿಲ್ಲ. ಆಟವನ್ನು ತಿದ್ದಿ ಬೆಳೆಸಿದರು; 1977ರ ಅಕ್ಟೋಬರ್‌ನಲ್ಲಿ ಗಾರ್ಡ್ನರ್ ಅದರ ಹೊಸ ರೂಪವನ್ನು ಮತ್ತೆ ಅಂಕಣದಲ್ಲಿ ವಿವರಿಸಿದರು. ನಾನು ಇಂದು ಮಾತನಾಡುವುದು ಆ ಹೊಸ ರೂಪದ ಬಗ್ಗೆ. ಹೆಸರು ಬಂದದ್ದು ಅಥೆನ್ಸ್ ಬಳಿಯ ಎಲೂಸಿಸ್ ಎಂಬ ಊರಿನಿಂದ. ಪ್ರಾಚೀನ ಗ್ರೀಸಿನಲ್ಲಿ ಅಲ್ಲಿ ನಡೆಯುತ್ತಿದ್ದ ರಹಸ್ಯ ದೀಕ್ಷೆಯಲ್ಲಿ ಪಾಲ್ಗೊಂಡವರು ಒಳಗೆ ಕಂಡದ್ದನ್ನು ಹೊರಗೆ ಹೇಳುವಂತಿರಲಿಲ್ಲ. ಹೇಳದೆ ಉಳಿದ ಒಂದು ನಿಯಮದ ಸುತ್ತ ನಡೆಯುವ ಆಟಕ್ಕೆ ಇದಕ್ಕಿಂತ ಒಪ್ಪುವ ಹೆಸರು ನನಗೆ ಹೊಳೆಯುತ್ತಿಲ್ಲ.

ಆಟದ ರೀತಿ ಹೀಗಿದೆ. ಎರಡು ಕಟ್ಟು ಇಸ್ಪೀಟೆಲೆಗಳನ್ನು ಕಲೆಸಿ ಒಂದು ಮಾಡುತ್ತಾರೆ. ಒಬ್ಬರು ಹಂಚುವವರು, ಅವರು ಒಂದು ನಿಯಮವನ್ನು ಮನಸ್ಸಿನಲ್ಲಿ ಕಟ್ಟಿ, ಚೀಟಿಯಲ್ಲಿ ಬರೆದಿಡುತ್ತಾರೆ, ತಮಗಾಗಿ ಎಲೆ ತೆಗೆದುಕೊಳ್ಳುವುದಿಲ್ಲ. ಉಳಿದವರಿಗೆ ತಲಾ 14 ಎಲೆ. ನಡುವೆ ಒಂದು ಎಲೆಯನ್ನು ತೆರೆದಿಟ್ಟು ಆಟ ಶುರು. ಸರದಿ ಬಂದವರು ಕೈಯಿಂದ ಒಂದು ಎಲೆ ಇಳಿಸುತ್ತಾರೆ. ನಿಯಮಕ್ಕೆ ಒಪ್ಪಿದರೆ ಹಂಚುವವರು "ಸರಿ" ಎನ್ನುತ್ತಾರೆ, ಎಲೆ ಬಲಕ್ಕೆ ಮೇಲ್ಸಾಲಿನಲ್ಲಿ ಸೇರುತ್ತದೆ. ಒಪ್ಪದಿದ್ದರೆ "ತಪ್ಪು" ಎನ್ನುತ್ತಾರೆ. ಆ ಎಲೆ ಮೇಲ್ಸಾಲಿನ ಕೊನೆಯ ಎಲೆಯ ಕೆಳಗೆ ಕೂರುತ್ತದೆ, ಇಳಿಸಿದವರಿಗೆ ಎರಡು ಎಲೆ ದಂಡ. ಕಾರಣ ಕೇಳುವಂತಿಲ್ಲ, ಹೇಳುವಂತೆಯೂ ಇಲ್ಲ. ಕೈ ಖಾಲಿ ಮಾಡುವುದು ಗುರಿ. ಧೈರ್ಯವಿದ್ದವರು ನಾಲ್ಕರವರೆಗೆ ಎಲೆಗಳನ್ನು ಒಮ್ಮೆಗೇ ಸರಪಳಿಯಾಗಿ ಇಳಿಸಬಹುದು. ಆಗ ತಪ್ಪಿದರೆ ಇಳಿಸಿದ್ದರ ಎರಡರಷ್ಟು ದಂಡ. ತನ್ನ ಕೈಯಲ್ಲಿ ಸರಿಯಾದ ಎಲೆಯೇ ಇಲ್ಲ ಎನ್ನುವವರು ಕೈಯನ್ನು ಎಲ್ಲರಿಗೂ ತೋರಿಸಿ ಹಾಗೆಂದು ಸಾರಬಹುದು. ಅದಕ್ಕೂ ಲಾಭ, ದಂಡಗಳ ಲೆಕ್ಕವಿದೆ.

ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಆ ಕೆಳಸಾಲಿನ ಕಡೆಗೆ. ನಮಗೆ ಗೊತ್ತಿರುವ ಬಹುತೇಕ ಎಲೆಯಾಟಗಳಲ್ಲಿ ಬೇಡದ ಎಲೆ ಕಸದ ರಾಶಿಗೆ ಹೋಗುತ್ತದೆ, ಮಗುಚಿ ಬೀಳುತ್ತದೆ, ಮರೆತೂ ಹೋಗುತ್ತದೆ. ಇಲ್ಲಿ ಹಾಗಲ್ಲ. ತಪ್ಪಾದ ಪ್ರತಿಯೊಂದು ಎಲೆಯೂ ಯಾವ ಎಲೆಯ ನಂತರ ತಪ್ಪಾಯಿತೋ ಅದರ ಕೆಳಗೇ, ಮುಖ ತೆರೆದುಕೊಂಡು, ಆಟ ಮುಗಿಯುವವರೆಗೆ ಕೂತಿರುತ್ತದೆ. ಒಂದೇ ಎಲೆಯ ಕೆಳಗೆ ಮೂರು ನಾಲ್ಕು ತಪ್ಪುಗಳು ಜೋತುಬಿದ್ದಿರುವುದೂ ಉಂಟು. ಆಟ ಅರ್ಧ ಮುಗಿದಾಗ ಮೇಜಿನ ಮೇಲಿರುವುದು ಒಂದು ಪೂರ್ತಿ ದಾಖಲೆ: ಯಾವುದರ ಮುಂದೆ ಯಾವುದು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ. ಹೊಸದಾಗಿ ಆಡುವವರು ಮೇಲ್ಸಾಲನ್ನೇ ಮತ್ತೆ ಮತ್ತೆ ಓದುತ್ತಾರೆ. ಪಳಗಿದವರ ಕಣ್ಣು ಕೆಳಗೆ ಹೋಗುತ್ತದೆ.

ಈಗ ನಮ್ಮ ನಾಲ್ಕು ಎಲೆಗಳಿಗೆ ಮರಳೋಣ. ಆಟೀನ್ 7, ಕಳಾವರ್ 4, ಡೈಮಂಡ್ 9, ಇಸ್ಪೀಟ್ 2. ಬಣ್ಣ ಬದಲಾಗುತ್ತಿದೆ ಎಂದಿರಿ. ಸರಿ, ಅದು ಮೊದಲ ಊಹೆ. ಆದರೆ ಸಂಖ್ಯೆಗಳನ್ನು ನೋಡಿ: ಬೆಸ, ಸಮ, ಬೆಸ, ಸಮ. ಇದು ಎರಡನೆಯ ಊಹೆ. ಇನ್ನೊಮ್ಮೆ ನೋಡಿ: ಏಳರಿಂದ ನಾಲ್ಕಕ್ಕೆ ಇಳಿದು, ಒಂಬತ್ತಕ್ಕೆ ಏರಿ, ಎರಡಕ್ಕೆ ಇಳಿದಿದೆ. ಇಳಿತ, ಏರಿಕೆ, ಇಳಿತ, ಮೂರನೆಯದು. ನಾಲ್ಕನೆಯದು ಸ್ವಲ್ಪ ತಡವಾಗಿ ಹೊಳೆಯುತ್ತದೆ: ಹಿಂದಿನ ಎಲೆ ಬೆಸವಾದರೆ ಮುಂದೆ ಕಪ್ಪು, ಸಮವಾದರೆ ಮುಂದೆ ಕೆಂಪು. ಏಳರ ಮುಂದೆ ಕಳಾವರ್, ನಾಲ್ಕರ ಮುಂದೆ ಡೈಮಂಡ್, ಒಂಬತ್ತರ ಮುಂದೆ ಇಸ್ಪೀಟ್. ಇದೂ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತದೆ.

ನಿಮ್ಮ ಕೈಯಲ್ಲಿ ಆಟೀನ್ 9 ಇದೆ ಎಂದುಕೊಳ್ಳಿ. ಇಳಿಸಿದಿರಿ. ಅದು ಕೆಂಪು, ಬೆಸ, ಎರಡಕ್ಕಿಂತ ದೊಡ್ಡದು, ಸಮದ ಮುಂದೆ ಬಂದ ಕೆಂಪು. ನಾಲ್ಕು ಊಹೆಗಳೂ ಅದನ್ನು ಸರಿ ಎನ್ನುತ್ತವೆ. ನಾನೂ ಸರಿ ಎನ್ನುತ್ತೇನೆ. ಕೈಯಲ್ಲಿ ಒಂದು ಎಲೆ ಕಡಿಮೆಯಾಯಿತು, ಸಂತೋಷ. ನೀವು ಕಲಿತದ್ದೇನು? ಏನೂ ಇಲ್ಲ. ಎಲೆ ಇಳಿಸುವ ಮುನ್ನ ನಾಲ್ಕು ಊಹೆಗಳಿದ್ದವು, ಇಳಿಸಿದ ಮೇಲೂ ನಾಲ್ಕಿವೆ. ಇದೇ ಬಗೆಯಲ್ಲಿ ಕೆಂಪು ಬೆಸ, ಕಪ್ಪು ಸಮ, ಏರಿಸಿ, ಇಳಿಸಿ, ಹತ್ತು ಎಲೆ ಇಳಿಸಬಹುದು. ಹತ್ತಕ್ಕೆ ಹತ್ತೂ ಸರಿ ಎನಿಸಿಕೊಂಡವರಿಗೆ ತಮ್ಮ ಮೊದಲ ಊಹೆಯ ಮೇಲೆ ಕಲ್ಲಿನಂಥ ನಂಬಿಕೆ ಬಂದಿರುತ್ತದೆ, ಆ ಹತ್ತು ಎಲೆಗಳಲ್ಲಿ ಒಂದಾದರೂ ಆ ನಂಬಿಕೆಗೆ ಆಧಾರ ಕೊಟ್ಟಿರುವುದಿಲ್ಲ. ಈ ಸ್ಥಿತಿಯನ್ನು ನಾನು ಮೇಜಿನ ಸುತ್ತ ಎಷ್ಟೋ ಸಲ ಕಂಡಿದ್ದೇನೆ. ಅದನ್ನು ಕಂಡಾಗಲೆಲ್ಲ ನನಗೆ ತಳಮಳವಾಗುತ್ತದೆ, ಏಕೆಂದರೆ ಹಂಚುವವರು ಬಾಯಿಬಿಟ್ಟು ಎಚ್ಚರಿಸುವಂತಿಲ್ಲ.

ಅದರ ಬದಲು ಆಟೀನ್ 8 ಇಳಿಸಿ. ಬಣ್ಣದ ಊಹೆ ಒಪ್ಪುತ್ತದೆ, ಏರಿಳಿತದ ಊಹೆ ಒಪ್ಪುತ್ತದೆ, ನಾಲ್ಕನೆಯದೂ ಒಪ್ಪುತ್ತದೆ. ಬೆಸ ಸಮದ ಊಹೆ ಮಾತ್ರ ಒಪ್ಪುವುದಿಲ್ಲ, ಎರಡರ ಮುಂದೆ ಅದಕ್ಕೆ ಬೆಸ ಬೇಕು. ಊಹೆಗಳ ನಡುವೆ ಭಿನ್ನಮತ ಬಂತು. ನಾನು "ಸರಿ" ಎನ್ನುತ್ತೇನೆ. ಬೆಸ ಸಮದ ಊಹೆ ಅಲ್ಲಿಗೆ ಸತ್ತಿತು. ಈಗ ಸಾಲಿನ ಕೊನೆಯಲ್ಲಿ ಆಟೀನ್ 8 ಇದೆ. ಬಣ್ಣದ ಊಹೆ ನಂಬಿದ ಮುಂದಿನವರು ಕಳಾವರ್ 3 ಇಳಿಸುತ್ತಾರೆ. ಬಣ್ಣ ಬದಲಾಗಿದೆ, ಏರಿದ ಮೇಲೆ ಇಳಿದೂ ಇದೆ, ಅವರ ಮುಖದಲ್ಲಿ ಅನುಮಾನವೇ ಇಲ್ಲ. ನಾನು "ತಪ್ಪು" ಎನ್ನುತ್ತೇನೆ. ಕಳಾವರ್ 3 ಎಂಟರ ಕೆಳಗೆ ಇಳಿಯುತ್ತದೆ. ಆ ಒಂದು ಎಲೆ ಒಂದೇ ಏಟಿಗೆ ಎರಡು ಊಹೆಗಳನ್ನು ಕೆಡವಿತು. ಉಳಿದದ್ದು ನಾಲ್ಕನೆಯದು ಮಾತ್ರ. ಸಾಲಿನಲ್ಲಿ ಸರಿಯಾಗಿ ಕುಳಿತ ಐದು ಎಲೆಗಳು ಸೇರಿ ಮಾಡಲಾರದ ಕೆಲಸವನ್ನು ತಪ್ಪಾದ ಒಂದು ಎಲೆ ಮಾಡಿತು.

ಚೀಟಿಯನ್ನು ತೆರೆಯುತ್ತೇನೆ. "ಹಿಂದಿನದು ಬೆಸವಾದರೆ ಕಪ್ಪು, ಸಮವಾದರೆ ಕೆಂಪು." ಹೊಸಬರಿಗೆ ಹೇಳಿಕೊಡಲು ಈ ಆಟದ ಬಳಗದಲ್ಲಿ ಮೊದಲಿನಿಂದ ಬಳಕೆಯಲ್ಲಿರುವ ನಿಯಮ ಇದು. ಆದರೆ ಒಂದು ಮಾತು. ನಮ್ಮ ನಾಲ್ಕು ಊಹೆಗಳಲ್ಲಿ ಒಂದು ಉಳಿಯಿತು ಎಂದ ಮಾತ್ರಕ್ಕೆ ಅದೇ ನಿಯಮ ಎಂದು ಸಿದ್ಧವಾಗಿರಲಿಲ್ಲ. "ಆಟೀನಿನ ಮುಂದೆ ಮೂರು ಬರಬಾರದು" ಎಂಬುದೂ ಚೀಟಿಯಲ್ಲಿ ಇರಬಹುದಾಗಿತ್ತು. ನಾವು ಪಟ್ಟಿ ಮಾಡದ ಊಹೆಗಳನ್ನು ಯಾವ ಎಲೆಯೂ ಕೊಂದಿರಲಿಲ್ಲ.

ಇಲ್ಲಿ ಪತ್ತೇದಾರಿಕೆಯ ಎರಡು ಬಗೆಗಳನ್ನು ಬೇರೆ ಮಾಡಿ ನೋಡಬೇಕು. ನಾನು ಒಂದು ಕಟ್ಟಿನಿಂದ ಒಂದು ಎಲೆಯನ್ನು ಬಚ್ಚಿಟ್ಟು, ಹೌದು ಇಲ್ಲ ಎಂಬ ಉತ್ತರ ಮಾತ್ರ ಕೊಡುತ್ತೇನೆ ಎಂದರೆ, ಆರು ಪ್ರಶ್ನೆಗಳಲ್ಲಿ ನೀವು ಅದನ್ನು ಖಚಿತವಾಗಿ ಹಿಡಿಯಬಹುದು. ಪ್ರತಿ ಪ್ರಶ್ನೆಯೂ ಉಳಿದದ್ದನ್ನು ಅರ್ಧ ಮಾಡುವಂತಿದ್ದರೆ ಸಾಕು: 52, 26, 13, 7, 4, 2, 1. ಕೊನೆಯಲ್ಲಿ ಅನುಮಾನಕ್ಕೆ ಎಡೆಯಿಲ್ಲ. ತರ್ಕಶಾಸ್ತ್ರದವರು ಇದನ್ನು ನಿಗಮನ ಎನ್ನುತ್ತಾರೆ. ಇನ್ನೊಂದು ಬಗೆ, ಕಂಡ ಕೆಲವು ಎಲೆಗಳಿಂದ ಕಾಣದ ನಿಯಮವನ್ನು ಊಹಿಸುವುದು; ಅದು ಅನುಗಮನ. ಎಲೂಸಿಸ್ ಆಡುವವರೂ ಎಲೆಯಿಂದ ಎಲೆಗೆ ನಿಗಮನ ಮಾಡುತ್ತಲೇ ಇರುತ್ತಾರೆ, ಈಗಷ್ಟೇ ನಾವು ಮಾಡಿದೆವು. ಆದರೆ ಅದರ ಕೆಳಗಿನ ನೆಲ ಗಟ್ಟಿಯದಲ್ಲ. ಎಷ್ಟು ಗಟ್ಟಿಯಲ್ಲ ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಹಿಂದಿನ ಒಂದೇ ಒಂದು ಎಲೆಯನ್ನು ನೋಡಿ ತೀರ್ಪು ಕೊಡುವ ನಿಯಮಗಳನ್ನಷ್ಟೇ ತೆಗೆದುಕೊಳ್ಳಿ. ಹಿಂದಿನ ಎಲೆ 52 ಬಗೆ, ಮುಂದಿನ ಎಲೆ 52 ಬಗೆ, ಜೋಡಿಗಳು 2,704. ಪ್ರತಿ ಜೋಡಿಗೂ ಸರಿ ಅಥವಾ ತಪ್ಪು. ಆದ್ದರಿಂದ ನಿಯಮಗಳ ಸಂಖ್ಯೆ ಎಂದರೆ ಎರಡನ್ನು ಎರಡರಿಂದಲೇ ಗುಣಿಸುತ್ತ 2,704 ಎರಡುಗಳನ್ನು ಸೇರಿಸಿದಾಗ ಬರುವ ಸಂಖ್ಯೆ. ಬರೆದರೆ 814 ಅಂಕಿಗಳು. ಇಳಿಸುವ ಒಂದೊಂದು ಎಲೆಯೂ ಒಂದು ಜೋಡಿಯನ್ನು ತೀರ್ಮಾನಿಸಿ ಇದನ್ನು ಅರ್ಧ ಮಾಡುತ್ತದೆ. 60 ಎಲೆ ಇಳಿಸಿದ ಮೇಲೆ, ಒಂದು ಜೋಡಿಯೂ ಮರುಕಳಿಸದಿದ್ದರೂ, ಉಳಿಯುವ ನಿಯಮಗಳ ಸಂಖ್ಯೆಗೆ 796 ಅಂಕಿಗಳಿರುತ್ತವೆ. ಅವೆಲ್ಲವೂ ಮೇಜಿನ ಮೇಲಿರುವ ಒಂದೊಂದು ಎಲೆಗೂ ಚಾಚೂ ತಪ್ಪದೆ ಹೊಂದುವ ನಿಯಮಗಳು!

ಹಾಗಿದ್ದೂ ಜನ ನಿಯಮವನ್ನು ಹಿಡಿಯುತ್ತಾರೆ, ಇಪ್ಪತ್ತು ಮೂವತ್ತು ಎಲೆಗಳೊಳಗೇ ಹಿಡಿಯುತ್ತಾರೆ. ಹೇಗೆ? ಆ ಅಪಾರ ರಾಶಿಯಲ್ಲಿ ಬಹುಪಾಲು ನಿಯಮಗಳನ್ನು ಬರೆಯಲು ಒಂದು ಚೀಟಿ ಸಾಲದು, ಒಂದು ಪುಸ್ತಕವೇ ಬೇಕು. ಎದುರಿಗೆ ಕುಳಿತವರು ಮನುಷ್ಯರು, ಅವರು ಒಂದು ಸಾಲಿನಲ್ಲಿ ಬರೆಯಬಲ್ಲ ನಿಯಮವನ್ನೇ ಕಟ್ಟಿದ್ದಾರೆ ಎಂದು ನಾವು ನಂಬುತ್ತೇವೆ. ಸರಳವಾದದ್ದನ್ನು ಮೊದಲು ಪರೀಕ್ಷಿಸುತ್ತೇವೆ. ಈ ನಂಬಿಕೆಗೆ ತರ್ಕದ ಆಧಾರವಿಲ್ಲ. ಆದರೆ ಅಬಟ್ ಅದಕ್ಕೆ ಅಂಕಗಳ ಆಧಾರ ಕೊಟ್ಟರು, ಇದು ನನಗೆ ತುಂಬ ಮೆಚ್ಚುಗೆಯಾದ ವಿಷಯ. ಆಟ ಮುಗಿದಾಗ ಯಾರ ಕೈಯಲ್ಲಿ ಅತಿ ಹೆಚ್ಚು ಎಲೆಗಳಿವೆಯೋ ಆ ಸಂಖ್ಯೆಯಿಂದ ನಮ್ಮ ಕೈಯ ಎಲೆಗಳನ್ನು ಕಳೆದರೆ ಬರುವುದು ನಮ್ಮ ಅಂಕ; ಕೈ ಖಾಲಿ ಮಾಡಿದವರಿಗೆ ಇನ್ನೂ ನಾಲ್ಕು. ಹಂಚುವವರಿಗೆ ಸಿಗುವುದು ಉಳಿದವರಲ್ಲಿ ಅತಿ ಹೆಚ್ಚು ಗಳಿಸಿದವರ ಅಂಕದಷ್ಟೇ. ನಿಯಮ ತೀರಾ ಸುಲಭವಾದರೆ ಎಲ್ಲರ ಕೈಯೂ ಒಟ್ಟಿಗೆ ಖಾಲಿಯಾಗುತ್ತ ಹೋಗುತ್ತದೆ, ಅಂತರ ಸಣ್ಣದು. ತೀರಾ ಕಠಿಣವಾದರೆ ಎಲ್ಲರ ಕೈಯೂ ಒಟ್ಟಿಗೆ ಉಬ್ಬುತ್ತದೆ, ಆಗಲೂ ಅಂತರ ಸಣ್ಣದು. ಕೆಲವರು ಬೇಗ ಕಂಡು ಕೆಲವರು ತಡವಾಗಿ ಕಾಣುವಂಥ ನಿಯಮ ಕಟ್ಟಿದರೆ ಮಾತ್ರ ಹಂಚುವವರಿಗೆ ಲಾಭ. ಗುಟ್ಟು ಮಾಡುವವರೇ ಗುಟ್ಟು ಹದವಾಗಿರಲಿ ಎಂದು ಬಯಸುವಂತೆ ಆಟ ಅವರನ್ನು ಕಟ್ಟಿಹಾಕಿದೆ.

ಹದವಾದ ನಿಯಮ ಕಟ್ಟುವುದು ಕೇಳಿದಷ್ಟು ಸುಲಭವಲ್ಲ. ಹೊಸಬರು ಕಟ್ಟುವ ನಿಯಮ ಯಾವಾಗಲೂ ಅವರು ಅಂದುಕೊಂಡದ್ದಕ್ಕಿಂತ ಕಠಿಣವಾಗಿರುತ್ತದೆ. "ಇದು ಎರಡೇ ನಿಮಿಷದಲ್ಲಿ ಬಯಲಾಗುತ್ತದೆ" ಎಂದು ನಾವು ಹೆದರುವ ನಿಯಮ ಅರ್ಧ ಗಂಟೆ ತಡೆದು ನಿಲ್ಲುತ್ತದೆ. ಎರಡು ಷರತ್ತುಗಳನ್ನು ಸೇರಿಸಿದರೆ ಆಟ ಸತ್ತೇ ಹೋಗುತ್ತದೆ. ಇನ್ನೊಂದು ವಿಷಯ, ಪ್ರತಿ ಸರದಿಯಲ್ಲೂ ಕಟ್ಟಿನ ಐದನೆಯ ಒಂದು ಪಾಲಾದರೂ ಸಲ್ಲುವಂತಿರಲಿ. ಇಲ್ಲದಿದ್ದರೆ ಮೇಲ್ಸಾಲು ಬೆಳೆಯುವುದೇ ಇಲ್ಲ. ನಿಯಮವನ್ನು ಬರೆದಿಡದೆ ಹಂಚಬೇಡಿ. ಬೆಸ ಸಮ ಎಂದರೆ ಗುಲಾಮ 11, ರಾಣಿ 12, ರಾಜ 13, ಎಕ್ಕ 1 ಎಂಬುದನ್ನೂ ಮೊದಲೇ ಸಾರಿಬಿಡಿ. ಹಂಚುವವರು ಒಂದೇ ಒಂದು ಸಲ ತಪ್ಪು ತೀರ್ಪು ಕೊಟ್ಟರೂ ಆ ಸುತ್ತು ಹಾಳು. ಎಲ್ಲರೂ ಒಂದು ಗಂಟೆ ಜೋಡಿಸಿದ ತರ್ಕ ಅಲ್ಲಿಗೆ ಕುಸಿಯುತ್ತದೆ, ಅದನ್ನು ಮತ್ತೆ ಕಟ್ಟಲು ಆಗುವುದಿಲ್ಲ.

ಮನುಷ್ಯರ ಮನಸ್ಸು ಸರಿ ಎನ್ನಿಸಿಕೊಳ್ಳುವ ಎಲೆಯ ಕಡೆಗೇ ಏಕೆ ಕೈ ಚಾಚುತ್ತದೆ? ಎಲೂಸಿಸ್ ಪರಿಚಯವಾದ ಮರುವರ್ಷವೇ, 1960ರಲ್ಲಿ, ಪೀಟರ್ ವೇಸನ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗವನ್ನು ಪ್ರಕಟಿಸಿದರು. ಎಲೆಗಳಿಲ್ಲದ ಎಲೂಸಿಸ್ ಎನ್ನಬಹುದು. 2, 4, 6 ಎಂಬ ಮೂರು ಸಂಖ್ಯೆಗಳು ಒಂದು ನಿಯಮಕ್ಕೆ ಒಪ್ಪುತ್ತವೆ, ನೀವೂ ಮೂರು ಮೂರು ಸಂಖ್ಯೆ ಹೇಳುತ್ತ ಹೋಗಿ, ಒಪ್ಪುತ್ತದೋ ಇಲ್ಲವೋ ಹೇಳುತ್ತೇನೆ, ಖಚಿತವಾದಾಗ ನಿಯಮ ಹೇಳಿ ಎಂದರು. ಭಾಗವಹಿಸಿದವರು 29 ವಿದ್ಯಾರ್ಥಿಗಳು. ಎರಡೆರಡು ಹೆಚ್ಚುವ ಸಮಸಂಖ್ಯೆ ಎಂದು ಊಹಿಸಿದವರು 8, 10, 12 ಎನ್ನುತ್ತಾರೆ, ಒಪ್ಪುತ್ತದೆ. 20, 22, 24 ಎನ್ನುತ್ತಾರೆ, ಒಪ್ಪುತ್ತದೆ. ನಿಜವಾದ ನಿಯಮ ಏರುವ ಯಾವುದೇ ಮೂರು ಸಂಖ್ಯೆ ಎಂದಷ್ಟೇ ಆಗಿತ್ತು. 1, 2, 50 ಎಂದು ಕೇಳಿದ್ದರೂ ಒಪ್ಪುತ್ತಿತ್ತು. ಮೊದಲ ಸಲಕ್ಕೇ ಸರಿಯಾದ ನಿಯಮ ಹೇಳಿದವರು 29ರಲ್ಲಿ 6 ಮಂದಿ. ಉಳಿದವರಿಗೆ ಬುದ್ಧಿಯ ಕೊರತೆ ಇರಲಿಲ್ಲ. ತಮ್ಮ ಊಹೆ ಬೀಳಬಹುದಾದ ಸಂಖ್ಯೆಯನ್ನು ಅವರು ಕೇಳಲಿಲ್ಲ, ಅಷ್ಟೇ.

ಎಲೂಸಿಸ್‌ನಲ್ಲಿ ಹಾಗೆ ಕೇಳುವುದಕ್ಕೆ ಬೆಲೆ ತೆರಬೇಕು, ಎರಡು ಎಲೆ ದಂಡ. ಆದರೆ ಅದು ಯಾವಾಗಲೂ ಒಂದೇ ಬೆಲೆಯಲ್ಲ. ಸಾಲಿನಲ್ಲಿ 40 ಎಲೆ ಬೀಳುವವರೆಗೆ ತಪ್ಪಿದರೆ ದಂಡ ಮಾತ್ರ. ಆಮೇಲೆ ತಪ್ಪಿದವರು ಆ ಸುತ್ತಿನಿಂದಲೇ ಹೊರಕ್ಕೆ. ಆದ್ದರಿಂದ ಬೇಕೆಂದೇ ತಪ್ಪುವುದಾದರೆ ಬೇಗ ತಪ್ಪಬೇಕು. ನಾನು ಹಂಚುವಾಗ ಮೊದಲ ಹತ್ತು ನಿಮಿಷ ಯಾರ ಕೆಳಗೆ ಎಷ್ಟು ಎಲೆ ಜೋತುಬೀಳುತ್ತಿವೆ ಎಂದು ನೋಡುತ್ತಿರುತ್ತೇನೆ. ಆಗ ನಿರಾತಂಕವಾಗಿ ತಪ್ಪುವವರೇ ಕೊನೆಗೆ ನಿಯಮದ ಹತ್ತಿರ ಇರುತ್ತಾರೆ, ಹೆಚ್ಚುಕಡಿಮೆ ಯಾವಾಗಲೂ.

ಹೊಸ ರೂಪಕ್ಕೆ ಅಬಟ್ ಸೇರಿಸಿದ ದೊಡ್ಡ ವಿಷಯ ಇನ್ನು ಬರುತ್ತದೆ. ಅದಕ್ಕೆ ನಾನು ಕಾಲಜ್ಞಾನಿ ಎಂದು ಹೆಸರಿಟ್ಟುಕೊಂಡಿದ್ದೇನೆ. ನಿಯಮ ಗೊತ್ತಾಯಿತು ಎನ್ನಿಸಿದವರು, ತಮ್ಮ ಸರದಿ ಮುಗಿದ ಕೂಡಲೇ, ತಾನು ಕಾಲಜ್ಞಾನಿ ಎಂದು ಸಾರಬಹುದು. ಅದಕ್ಕೆ ಹಂಚುವವರೂ ಸೇರಿ ಕನಿಷ್ಠ ನಾಲ್ವರು ಆಟದಲ್ಲಿರಬೇಕು. ಒಂದು ಸಲಕ್ಕೆ ಒಬ್ಬರೇ, ಒಂದು ಸುತ್ತಿನಲ್ಲಿ ಒಬ್ಬರಿಗೆ ಒಂದೇ ಅವಕಾಶ. ಅವರು ಕೈಯನ್ನು ಬದಿಗಿಟ್ಟು, ಸಾಲಿನಲ್ಲಿ ಒಂದು ಗುರುತು ಇಟ್ಟು, ಅಂದಿನಿಂದ ಹಂಚುವವರ ಕೆಲಸ ವಹಿಸಿಕೊಳ್ಳುತ್ತಾರೆ. ಉಳಿದವರು ಇಳಿಸುವ ಪ್ರತಿ ಎಲೆಗೂ ಸರಿ ತಪ್ಪು ಹೇಳುವುದು ಅವರೇ. ಹಂಚುವವರು ಹೌದು ಎನ್ನುವವರೆಗೆ ಅವರ ಪೀಠ ಭದ್ರ. ಗುರುತಿನ ನಂತರ ಮೇಲ್ಸಾಲಿಗೆ ಸೇರಿದ ಪ್ರತಿ ಎಲೆಗೆ ಅವರಿಗೆ ಒಂದು ಅಂಕ, ಕೆಳಸಾಲಿಗೆ ಇಳಿದ ಪ್ರತಿ ಎಲೆಗೆ ಎರಡು. ಒಂದೇ ಒಂದು ಸಲ ತಪ್ಪಿದರೆ ಪೀಠ ಹೋಯಿತು: ಐದು ಎಲೆ ದಂಡ ಹೊತ್ತು ಮತ್ತೆ ಆಟಗಾರರ ನಡುವೆ ಕೂರಬೇಕು.

ಇದೇ ರೂಪದ ಒಂದು ಕಥೆ ಆಕಾಶದಲ್ಲಿ ನಡೆದಿದೆ. ಸೂರ್ಯನಿಂದ ಭೂಮಿಗಿರುವ ದೂರವನ್ನು 10 ಎಂದಿಟ್ಟುಕೊಂಡರೆ, ಗ್ರಹಗಳ ದೂರ ಹೆಚ್ಚುಕಡಿಮೆ 4, 7, 10, 16, ಆಮೇಲೆ 52, 100 ಎಂಬ ಸಾಲಿನಲ್ಲಿ ಬರುತ್ತದೆ. ಮೊದಲು 0, ಆಮೇಲೆ 3, 6, 12, 24 ಎಂದು ದುಪ್ಪಟ್ಟಾಗುತ್ತ ಹೋಗುವ ಸಂಖ್ಯೆಗೆ 4 ಕೂಡಿಸಿದರೆ ಈ ಸಾಲು ಹುಟ್ಟುತ್ತದೆ. 28ರ ಜಾಗ ಮಾತ್ರ ಖಾಲಿ. 1766ರಲ್ಲಿ ಜರ್ಮನಿಯ ಟೀಟಿಯಸ್ ಇದನ್ನು ಗುರುತಿಸಿದರು, 1772ರಲ್ಲಿ ಅಲ್ಲಿಯವರೇ ಆದ ಖಗೋಳಜ್ಞ ಬೋಡೆ ಪ್ರಚಾರ ಮಾಡಿದರು. 1781ರಲ್ಲಿ ಯುರೇನಸ್ ಸಿಕ್ಕಿತು. ನಿಯಮ ಹೇಳಿದ್ದು 196, ನಿಜವಾದ ದೂರ ಸುಮಾರು 192. 1801ರ ಜನವರಿ 1ರಂದು ಖಾಲಿ ಜಾಗದಲ್ಲಿ ಸಿರಿಸ್ ಎಂಬ ಕಿರುಗ್ರಹ ಕಾಣಿಸಿತು. ನಿಯಮದಂತೆ 28, ನಿಜವಾಗಿ 27.7. ಎರಡು ಎಲೆ ಇಳಿದವು, ಎರಡಕ್ಕೂ ಕಾಲಜ್ಞಾನಿ ಸರಿ ಹೇಳಿದ್ದರು. ಯಾರು ತಾನೆ ನಂಬದೆ ಇದ್ದಾರು? 1846ರಲ್ಲಿ ನೆಪ್ಚೂನ್ ಸಿಕ್ಕಿತು. ಇರಬೇಕಾದದ್ದು 388ರಲ್ಲಿ, ಇದ್ದದ್ದು ಸುಮಾರು 301ರಲ್ಲಿ. ಪೀಠ ಅಲ್ಲಿಗೆ ಹೋಯಿತು.

ಕಾಲಜ್ಞಾನಿ ಪೀಠದಲ್ಲಿದ್ದಾಗ ಉಳಿದವರು ಏನು ಮಾಡಬೇಕು? ಇಲ್ಲಿ ಅಬಟ್ ಒಂದು ಸಣ್ಣ ವಿನಾಯಿತಿ ಇಟ್ಟಿದ್ದಾರೆ. ಇಡೀ ನಿಯಮಾವಳಿಯಲ್ಲಿ ನನಗೆ ಅತಿ ಪ್ರಿಯವಾದ ವಾಕ್ಯ ಅದು. ಯಾರ ಎಲೆಯಿಂದ ಕಾಲಜ್ಞಾನಿ ಬೀಳುತ್ತಾರೋ ಅವರಿಗೆ, ಆ ಎಲೆ ತಪ್ಪಾಗಿದ್ದರೂ, ದಂಡವಿಲ್ಲ. ಎಂದರೆ ತಪ್ಪು ಎಂದು ನಿಮಗೆ ಖಚಿತವಾಗಿ ಗೊತ್ತಿರುವ ಎಲೆಯನ್ನೂ ಬೇಕೆಂದೇ ಇಳಿಸಿ ನೋಡಲು ಆಟ ನಿಮ್ಮನ್ನು ಕರೆಯುತ್ತಿದೆ. ಯಾರೂ ಇಳಿಸದ, ವಿಚಿತ್ರವಾದ, ಅಂಚಿನ ಎಲೆಯನ್ನು ಹುಡುಕಿ ತೆಗೆಯಿರಿ, ಪೀಠ ಅಲುಗಬಹುದು ಎನ್ನುತ್ತಿದೆ. ತಪ್ಪಿಗೆ ದಂಡ ಹಾಕುವುದೇ ಉಸಿರಾದ ಆಟ ಈ ಒಂದು ಕಡೆ ದಂಡವನ್ನು ಎತ್ತಿದೆ.

ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳು. ಇದು ಮಕ್ಕಳಿಗೆ ಆದೀತೇ ಎಂದು ಒಬ್ಬ ಅಧ್ಯಾಪಕರು ಕೇಳಿದ್ದಾರೆ. ಪೂರ್ತಿ ರೂಪ ಭಾರವಾಗುತ್ತದೆ. ಗಣಿತದ ಅಧ್ಯಾಪಕ ಜಾನ್ ಗೋಲ್ಡನ್ 2006ರಲ್ಲಿ ಇದರ ಹಗುರವಾದ ರೂಪವೊಂದನ್ನು ಮಾಡಿದರು, ಎಲೂಸಿಸ್ ಎಕ್ಸ್‌ಪ್ರೆಸ್ ಎಂದು ಅದರ ಹೆಸರು. ವಿಜ್ಞಾನಿಗಳು ಹೇಗೆ ಯೋಚಿಸುತ್ತಾರೆ ಎಂಬುದನ್ನು ಶಾಲೆಯ ಮಕ್ಕಳಿಗೆ ತೋರಿಸಲೆಂದೇ ಮಾಡಿದ್ದು. ಅದರಲ್ಲಿ ಕಾಲಜ್ಞಾನಿ ಇಲ್ಲ. ಸರಿಯಾದ ಎಲೆ ಇಳಿಸಿದವರು ನಿಯಮ ಏನೆಂದು ಬಾಯಿಬಿಟ್ಟು ಊಹಿಸಬಹುದು. ಧಾರಾಳವಾಗಿ ಆಡಿಸಿ. ಮಕ್ಕಳು ತಪ್ಪು ಎಲೆ ಇಳಿಸಲು ದೊಡ್ಡವರಷ್ಟು ಹಿಂಜರಿಯುವುದಿಲ್ಲ ಎಂಬುದು ನಾನು ಕಂಡ ಮಾತು.

ಎರಡನೆಯ ಪ್ರಶ್ನೆ ಗಟ್ಟಿಯಾದದ್ದು. ಕಾಲಜ್ಞಾನಿಯ ಮನಸ್ಸಿನಲ್ಲಿದ್ದ ನಿಯಮವೇ ಬೇರೆಯಾಗಿದ್ದು, ಕೊನೆಯವರೆಗೂ ಅದು ಸಿಕ್ಕಿಬೀಳದೆ ಹೋದರೆ? ಅಬಟ್‌ರ ಆಟದಲ್ಲಿ ಕಾಲಜ್ಞಾನಿ ತನ್ನ ನಿಯಮವನ್ನು ಹೇಳಬೇಕಾಗಿಯೇ ಇಲ್ಲ. ಎಲೆಗಳಿಗೆ ಸರಿ ತಪ್ಪು ಹೇಳಿ ಉಳಿದುಕೊಂಡರೆ ಸಾಕು, ಅಂಕ ಅವರದು. ಒಮ್ಮೆ ನಮ್ಮ ಮೇಜಿನಲ್ಲೇ ಹೀಗಾಯಿತು. ಹಿಂದಿನ ಎಲೆಗೂ ಮುಂದಿನದಕ್ಕೂ ವ್ಯತ್ಯಾಸ ಮೂರಕ್ಕಿಂತ ಹೆಚ್ಚಿರಬಾರದು ಎಂಬುದು ಚೀಟಿಯಲ್ಲಿದ್ದ ನಿಯಮ. ಕಾಲಜ್ಞಾನಿಯಾಗಿ ಸುತ್ತು ಮುಗಿಸಿದ ಗೆಳತಿ ಎಕ್ಕದಿಂದ ರಾಜನವರೆಗಿನ ಎಲೆಗಳನ್ನು ಒಂದು ಚಕ್ರದಂತೆ ಎಣಿಸಿದ್ದಳು. ಅವಳ ಲೆಕ್ಕದಲ್ಲಿ ರಾಜನ ಪಕ್ಕ ಎಕ್ಕ ಒಂದೇ ಹೆಜ್ಜೆ. ಚೀಟಿಯ ಲೆಕ್ಕದಲ್ಲಿ ಹನ್ನೆರಡು. ಎರಡು ನಿಯಮಗಳೂ ಇಡೀ ಸುತ್ತಿನಲ್ಲಿ ಒಂದು ಎಲೆಯ ಬಗ್ಗೆಯೂ ಭಿನ್ನವಾಗಿ ನುಡಿಯಲಿಲ್ಲ.

ಚೀಟಿ ತೆರೆದ ಮೇಲೆ ನಾವು ಸಾಲನ್ನು ಮೊದಲಿನಿಂದ ಮತ್ತೆ ಓದಿದೆವು, ಪೀಠ ಎಲ್ಲಿ ಬೀಳಬಹುದಾಗಿತ್ತು ಎಂದು. ಅವಳ ಗುರುತಿನ ನಂತರ ಮೇಲ್ಸಾಲಿನಲ್ಲಿ ರಾಜ ಎರಡು ಸಲ ಬಂದಿದ್ದ, ಎರಡನೆಯ ಸಲ ನನ್ನ ಸರದಿಗೆ ಸ್ವಲ್ಪ ಮುಂಚೆ. ನಾನು ಅಂದು ಚೀಟಿಯ ನಿಯಮವನ್ನೇ ಊಹಿಸಿದ್ದೆ, ಪೀಠ ಖಾಲಿ ಇರಲಿಲ್ಲವಾದ್ದರಿಂದ ಸುಮ್ಮನೆ ಸರಿಯಾದ ಎಲೆಗಳನ್ನು ಇಳಿಸುತ್ತಿದ್ದೆ. ಆ ರಾಜನ ಮುಂದೆ ಗುಲಾಮನನ್ನು ಇಟ್ಟಿದ್ದೆ. ಸುತ್ತು ಮುಗಿದಾಗ ನನ್ನ ಕೈಯಲ್ಲಿ ಉಳಿದದ್ದು ಮೂರು ಎಲೆ. ಅವುಗಳಲ್ಲಿ ಒಂದು ಡೈಮಂಡ್ ಎಕ್ಕ. ಅದು ಖಂಡಿತ ತಪ್ಪಾಗುತ್ತದೆ ಎಂದು ಗೊತ್ತಿದ್ದರಿಂದಲೇ ನಾನು ಅದನ್ನು ಇಳಿಸಿರಲಿಲ್ಲ.